ನಡೆಯದ ಚುನಾವಣೆಗೆ ತಕರಾರು ಅರ್ಜಿ ಎಲ್ಲಿ ಹಾಕಲಿ? ಬೆಂಗಳೂರಿನ 28 ಶಾಸಕರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು
18 ಡಿಸೆಂಬರ್ 2025

ಮಾನ್ಯ ಶಾಸಕರೇ,

ನಮಸ್ಕಾರ. ನೀವೆಲ್ಲ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಮುಗಿಸುವ ಹೊತ್ತಿಗೆ ಈ ಪತ್ರ ಬರೆಯುತ್ತಿದ್ದೇನೆ. ದಿನವನ್ನು ನೋಡಿಯೇ ಕೂತಿದ್ದೇನೆ. ಬೆಂಗಳೂರು ಪಾಲಿಕೆ ಚುನಾವಣೆಗೆ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿದ್ದು 2020ರ ಡಿಸೆಂಬರ್ 18ರಂದು. ಇವತ್ತಿಗೆ ಸರಿಯಾಗಿ ಐದು ವರ್ಷ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ಕಳೆದ ವರ್ಷ ನಿವೃತ್ತಳಾದವಳು. ಮೇಷ್ಟ್ರುಗಳಿಗೆ ಎಲೆಕ್ಷನ್ ಡ್ಯೂಟಿ ತಪ್ಪಿದ್ದಲ್ಲ, ನಾನೂ ಮಾಡಿದ್ದೇನೆ. 2015ರ ಆಗಸ್ಟ್ 22, ಶನಿವಾರ, ಬಿಬಿಎಂಪಿಯ ಕೊನೆಯ ಚುನಾವಣೆ ನಡೆದ ದಿನ, ಒಂದು ಶಾಲೆಯ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನರ ಬೆರಳಿಗೆ ಶಾಯಿ ಹಚ್ಚುತ್ತಾ ಕೂತಿದ್ದೆ. ಬೆಳಿಗ್ಗೆ ಬೇಗನೆ ಬಂದ ಒಬ್ಬ ಅಜ್ಜಿಗೆ ನಮ್ಮ ಸಹೋದ್ಯೋಗಿ, "ಕೂತ್ಕೊಂಡು ನಿಧಾನಕ್ಕೆ ಹಾಕಿ ಅಜ್ಜಿ, ಇದು ಚಿಕ್ಕ ಎಲೆಕ್ಷನ್ನು, ರಶ್ ಇಲ್ಲ" ಅಂದರು. ಅಜ್ಜಿ ಬೆರಳು ಚಾಚಿಕೊಂಡೇ ಹೇಳಿದರು: "ನಮ್ಗೆ ಇದೇ ದೊಡ್ಡದು ಕಣಪ್ಪ. ನಲ್ಲೀಲಿ ನೀರು ಬರ್ದಿದ್ರೆ ಯಾರ ಮನೆ ಬಾಗ್ಲಿಗೆ ಹೋಗ್ತೀವಿ?"

ಆ ಅಜ್ಜಿಗೆ ಅದೇ ಕೊನೆಯ ಪಾಲಿಕೆ ಚುನಾವಣೆ ಆಗಿರಲಿಕ್ಕೂ ಸಾಕು. ನನ್ನ ಮಗಳಿಗೆ ಇನ್ನೂ ಮೊದಲನೆಯದೇ ಬಂದಿಲ್ಲ. ಆಗ ಅವಳಿಗೆ ಹದಿಮೂರು, ಈಗ ಇಪ್ಪತ್ತಮೂರು. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ ಮತ ಹಾಕಿದ್ದಾಳೆ. ತನ್ನ ಬೀದಿಯನ್ನು ನೋಡಿಕೊಳ್ಳಬೇಕಾದವರನ್ನು ಆರಿಸುವ ಅವಕಾಶ ಮಾತ್ರ ಸಿಕ್ಕಿಲ್ಲ. ಈ ನಗರದಲ್ಲಿ ಇಪ್ಪತ್ತೆಂಟರೊಳಗಿನ ಒಬ್ಬರಿಗೂ ಸಿಕ್ಕಿಲ್ಲ.

2015ರಲ್ಲಿ ಆಯ್ಕೆಯಾದ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಮೇಯರ್ ಗೌತಮ್ ಕುಮಾರ್ ಇಳಿದರು, ಆಡಳಿತಾಧಿಕಾರಿ ಬಂದು ಕೂತರು. ಅಲ್ಲಿಂದಾಚೆ ನಾನು ತರಗತಿಯಲ್ಲಿ ಸ್ಥಳೀಯ ಸರ್ಕಾರದ ಪಾಠ ಮಾಡುವಾಗಲೆಲ್ಲ ಯಾವುದಾದರೂ ಮಗು ಎದ್ದು ನಿಂತು ಕೇಳುತ್ತಿತ್ತು: "ಮಿಸ್, ನಮ್ಮ ಮೇಯರ್ ಯಾರು?" ಮೊದಲ ವರ್ಷ, ಚುನಾವಣೆ ಸದ್ಯದಲ್ಲೇ ಇದೆ ಎಂದೆ. ಎರಡನೆಯ ವರ್ಷವೂ ಅದನ್ನೇ ಹೇಳಿದೆ. ಮೂರನೆಯ ವರ್ಷ, ಪುಸ್ತಕದಲ್ಲಿ ಇರುವುದನ್ನು ಓದಿ ಪರೀಕ್ಷೆಗೆ ಬರೆಯಿರಿ ಎಂದು ಮುಂದಕ್ಕೆ ಹೋದೆ. ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದವಳಿಗೆ ಆ ದಿನದ ಸಂಕಟ ಇನ್ನೂ ಹೋಗಿಲ್ಲ. ಪುಸ್ತಕದಲ್ಲಿದ್ದದ್ದು ಸರಿಯಾಗಿಯೇ ಇತ್ತು. ಸಂವಿಧಾನದ 243-ಯು ವಿಧಿಯ ಪ್ರಕಾರ ನಗರ ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಆ ಅವಧಿ ಮುಗಿಯುವುದರೊಳಗೆ ಮುಂದಿನ ಚುನಾವಣೆ ಪೂರ್ಣವಾಗಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ.

ಸ್ವಾಮಿ, ಈ ಐದು ವರ್ಷದ ವ್ಯಾಜ್ಯದ ಕಥೆ ನಿಮಗೆ ಗೊತ್ತಿಲ್ಲದ್ದಲ್ಲ. ಆದರೂ ಬಿಡಿ ಬಿಡಿಯಾಗಿ ಪತ್ರಿಕೆಯಲ್ಲಿ ಓದಿದವರಿಗೆ ಅದರ ಪೂರ್ತಿ ಆಕಾರ ಕಾಣುವುದಿಲ್ಲ. ಒಮ್ಮೆ ಜೋಡಿಸಿ ಹೇಳಲು ಬಿಡಿ.

ಅವಧಿ ಮುಗಿಯುವ ಹೊತ್ತಿಗೆ ಪಾಲಿಕೆಯಲ್ಲಿದ್ದದ್ದು 198 ವಾರ್ಡ್. ಚುನಾವಣೆ ಎದುರಿಗಿರುವಾಗಲೇ ನಿಮ್ಮ ಸದನ ಕಾನೂನು ತಿದ್ದಿ ಅದನ್ನು 243ಕ್ಕೆ ಏರಿಸಿತು. ಇಬ್ಬರು ಮಾಜಿ ಪಾಲಿಕೆ ಸದಸ್ಯರು ಹೈಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ 2020ರ ಡಿಸೆಂಬರ್ 4ರಂದು ತೀರ್ಪು ಕೊಟ್ಟಿತು. ಆ ತೀರ್ಪು ತಿದ್ದುಪಡಿಯನ್ನು ಹೊಡೆದು ಹಾಕಲಿಲ್ಲ. ವಾರ್ಡ್ ಹೆಚ್ಚಿಸುವ ಅಧಿಕಾರ ಶಾಸನಸಭೆಗಿದೆ, ಆದರೆ ಆಗಲೇ ಅವಧಿ ಮುಗಿದು ನಡೆಯಲೇಬೇಕಾಗಿರುವ ಈ ಚುನಾವಣೆಗೆ ಅದು ಅನ್ವಯಿಸದು, 198 ವಾರ್ಡ್‌ಗಳಿಗೇ ನಡೆಸಿ ಎಂದಿತು. ಒಂದು ತಿಂಗಳಲ್ಲಿ ಮೀಸಲಾತಿ ಪಟ್ಟಿ, ಅಲ್ಲಿಂದ ಆರು ವಾರದಲ್ಲಿ ಚುನಾವಣೆ. ನಾನು ಕಾನೂನು ಓದಿದವಳಲ್ಲ. ಆದರೆ ಸದನದ ಮರ್ಯಾದೆಯನ್ನೂ ಮತದಾರನ ಹಕ್ಕನ್ನೂ ಇಷ್ಟು ಸಮವಾಗಿ ಕಾಪಾಡಿದ ತೀರ್ಪು ಇದಕ್ಕಿಂತ ಬೇರೆ ಹೇಗಿರಲು ಸಾಧ್ಯ ಎಂದು ಇಂದಿಗೂ ಅನ್ನಿಸುತ್ತದೆ.

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಹದಿನಾಲ್ಕನೆಯ ದಿನಕ್ಕೆ ತಡೆಯಾಜ್ಞೆ ಬಂತು. ಆಗ ಕೊರೊನಾ ಕಾಲವಾಗಿತ್ತಲ್ಲ ಎಂದು ಯಾರಾದರೂ ಹೇಳಬಹುದು. ತಡೆಯಾಜ್ಞೆ ಬಂದ ನಾಲ್ಕೇ ದಿನಕ್ಕೆ, ಡಿಸೆಂಬರ್ 22ರಂದು, ಮತ್ತೆ 27ರಂದು, ಇದೇ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಮಾಸ್ಕು ಕಟ್ಟಿಕೊಂಡು ಜನ ಸಾಲಿನಲ್ಲಿ ನಿಂತರು. 2021ರ ಸೆಪ್ಟೆಂಬರ್ 3ರಂದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಪಾಲಿಕೆಗಳಿಗೂ ಮತದಾನವಾಯಿತು. ಬೆಂಗಳೂರಿಗೆ ಮಾತ್ರ ಆಗಲಿಲ್ಲ.

2022ರ ಮೇ 10ರಂದು ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಖಡಾಖಂಡಿತವಾಗಿ ಹೇಳಿತು: ವಾರ್ಡ್ ವಿಂಗಡಣೆ ಆಗಿಲ್ಲ, ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶ ಸಿಕ್ಕಿಲ್ಲ ಎಂಬುದು ಚುನಾವಣೆ ಮುಂದೂಡಲು ಕಾರಣವಾಗದು. ಅದೇ ತಿಂಗಳು ಬೆಂಗಳೂರಿನ ವಿಷಯದಲ್ಲೂ ಎಂಟು ವಾರಗಳ ಗಡುವು ಸಿಕ್ಕಿತು. ಜುಲೈನಲ್ಲಿ 243 ವಾರ್ಡ್‌ಗಳ ಅಧಿಸೂಚನೆ, ಆಗಸ್ಟ್‌ನಲ್ಲಿ ಮೀಸಲಾತಿ ಪಟ್ಟಿ. ಆ ಪಟ್ಟಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಸೆಪ್ಟೆಂಬರ್ 30ರಂದು ರದ್ದಾಯಿತು. ಹೊಸ ಪಟ್ಟಿಗೆ ನವೆಂಬರ್ 30, ಚುನಾವಣೆಗೆ ಡಿಸೆಂಬರ್ 31 ಎಂದು ನ್ಯಾಯಾಲಯ ದಿನ ಗೊತ್ತುಮಾಡಿತು. ಆ ಡಿಸೆಂಬರ್ 31 ಬಂತು, ಹೋಯಿತು.

2023ರಲ್ಲಿ ಸರ್ಕಾರ ಬದಲಾಯಿತು. 243 ವಾರ್ಡ್ ಸರಿಯಿಲ್ಲವೆಂದು ಹೊಸ ಸರ್ಕಾರ ಸೆಪ್ಟೆಂಬರ್ ಹೊತ್ತಿಗೆ 225 ಮಾಡಿತು. ಆ 225ಕ್ಕೂ ಮತ ಬೀಳಲಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂತು, 2025ರ ಮೇ 15ರಿಂದ ಜಾರಿಯಾಯಿತು, ಸೆಪ್ಟೆಂಬರ್ 2ಕ್ಕೆ ಐದು ನಗರ ಪಾಲಿಕೆಗಳಾದವು. ಚುನಾಯಿತ ಕೌನ್ಸಿಲ್ ಇಲ್ಲದೆ ಐದು ವರ್ಷ ತುಂಬಲು ಎಂಟು ದಿನ ಬಾಕಿ ಇರುವಾಗ ಬಿಬಿಎಂಪಿಯೇ ಇಲ್ಲವಾಯಿತು. ನವೆಂಬರ್‌ನಲ್ಲಿ ವಾರ್ಡ್‌ಗಳ ಸಂಖ್ಯೆ 369 ಎಂದು ನಿಗದಿಯಾಗಿದೆ. ಪಶ್ಚಿಮಕ್ಕೆ 112, ಉತ್ತರಕ್ಕೂ ದಕ್ಷಿಣಕ್ಕೂ ತಲಾ 72, ಕೇಂದ್ರಕ್ಕೆ 63, ಪೂರ್ವಕ್ಕೆ 50.

ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವ ಅಭ್ಯಾಸದಿಂದ ಒಂದು ಮಾತು ಹೇಳುತ್ತೇನೆ. 243, 225, 369 ಈ ಮೂರೂ ಸಂಖ್ಯೆಗಳ ಹಿಂದಿರುವ ಜನಗಣತಿ ಒಂದೇ, 2011ರದ್ದು. ಎಣಿಸಿದ ಜನರೂ ಅವರೇ, ಸುಮಾರು 84 ಲಕ್ಷ. ಜನಸಂಖ್ಯೆಯ ಹೊಸ ಲೆಕ್ಕ ಬಂದದ್ದರಿಂದ ನಕ್ಷೆ ಬದಲಾಗಲಿಲ್ಲ.

ಹಾಗೆಂದು ಪ್ರತಿ ತಕರಾರೂ ಸುಳ್ಳೆಂದು ನಾನು ಹೇಳುತ್ತಿಲ್ಲ. 198 ವಾರ್ಡ್‌ಗಳ ಹಂಚಿಕೆಯಲ್ಲಿ ಅನ್ಯಾಯವಿತ್ತು. ನಗರ ಹೊರಮಗ್ಗುಲಿಗೆ ಬೆಳೆದು, ಒಳಗಿನ ಹಳೆಯ ಬಡಾವಣೆಯ ವಾರ್ಡಿಗೂ ಹೊರವಲಯದ ವಾರ್ಡಿಗೂ ಜನಸಂಖ್ಯೆಯಲ್ಲಿ ತಾಳಮೇಳವೇ ಇರಲಿಲ್ಲ. 2022ರ ಮೀಸಲಾತಿ ಪಟ್ಟಿಯನ್ನು ಪ್ರಶ್ನಿಸಿದವರಿಗೂ ಕಾರಣಗಳಿದ್ದವು, ಇಲ್ಲದಿದ್ದರೆ ಹೈಕೋರ್ಟ್ ಅದನ್ನು ರದ್ದುಮಾಡುತ್ತಿರಲಿಲ್ಲ. ಹಿಂದುಳಿದ ವರ್ಗಗಳಿಗೆ ಸ್ಥಳೀಯ ಸಂಸ್ಥೆಗಳಲ್ಲಿ ಮೀಸಲಾತಿ ಇರಲೇಬೇಕು. ಅದಕ್ಕೆ ಬೇಕಾದ ಮಾನದಂಡವನ್ನು 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದೇ ಕರ್ನಾಟಕದ ಕಾನೂನೂ ಸೇರಿದ್ದ ಒಂದು ಪ್ರಕರಣದಲ್ಲಿ. ಅಂದರೆ ಅಂಕಿಅಂಶ ಬೇಕು ಎಂಬುದು ನಮಗೆ 2022ರಲ್ಲಿ ಹೊಸದಾಗಿ ಗೊತ್ತಾದ ಸಂಗತಿಯಲ್ಲ. ಆ ಅಂಕಿಅಂಶ ಕೊಡಬೇಕಾಗಿದ್ದ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ ವರದಿ ಕೊಟ್ಟದ್ದು 2022ರ ಜುಲೈನಲ್ಲಿ. ಆ ಕೆಲಸ 2019ರಲ್ಲೇ ಆರಂಭವಾಗಿದ್ದರೆ?

ನನ್ನನ್ನು ಕಾಡುವ ಮುಖ್ಯ ಪ್ರಶ್ನೆ ಬೇರೆಯೇ ಇದೆ. ನಡೆದ ಚುನಾವಣೆಯಲ್ಲಿ ಮೋಸವಾದರೆ ಅದಕ್ಕೊಂದು ದಾರಿಯಿದೆ. ಸಂವಿಧಾನದ 243-ಝಡ್‌ಜಿ ವಿಧಿಯ ಪ್ರಕಾರ ಪಾಲಿಕೆ ಚುನಾವಣೆಯನ್ನು ತಕರಾರು ಅರ್ಜಿಯ ಮೂಲಕವೇ ಪ್ರಶ್ನಿಸಬೇಕು, ನಡುವೆ ಬಂದು ನಿಲ್ಲಿಸುವಂತಿಲ್ಲ. ಒಳ್ಳೆಯ ನಿಯಮ. ಗೆದ್ದವನ ಆಯ್ಕೆ ಅಸಿಂಧುವಾಗಬಹುದು, ಮರುಎಣಿಕೆಯಾಗಬಹುದು, ಸೋತವನು ಗೆದ್ದೆನೆಂದು ತೀರ್ಮಾನವಾಗಬಹುದು. ಚುನಾವಣೆಯೇ ನಡೆಯದಿದ್ದರೆ? ಯಾವ ಫಲಿತಾಂಶವನ್ನು ಪ್ರಶ್ನಿಸುವುದು, ಯಾರನ್ನು ಪ್ರತಿವಾದಿ ಮಾಡುವುದು? ಮತಪೆಟ್ಟಿಗೆಯನ್ನು ಕದ್ದವನನ್ನು ಹಿಡಿಯಬಹುದು. ಪೆಟ್ಟಿಗೆಯನ್ನು ಮತಗಟ್ಟೆಗೆ ತರದೇ ಇದ್ದವರನ್ನು ಹಿಡಿಯುವ ಕಲಂ ನಮ್ಮ ಕಾನೂನಿನಲ್ಲಿ ನನಗೆ ಕಾಣಲಿಲ್ಲ.

ಚಂಡೀಗಢದ ಮೇಯರ್ ಚುನಾವಣೆ ನಿಮಗೆ ನೆನಪಿರಬೇಕು. 2024ರ ಜನವರಿ 30. ಒಟ್ಟು 36 ಮತ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ 8 ಮತಗಳನ್ನು ಅಸಿಂಧುವೆಂದು ತೆಗೆದಿಟ್ಟು, 12ರ ಎದುರು 16 ಮತ ಪಡೆದವರನ್ನು ಮೇಯರ್ ಎಂದು ಘೋಷಿಸಿದರು. ಅವರೇ ಮತಪತ್ರಗಳ ಮೇಲೆ ಗೀಚುತ್ತಿದ್ದದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಸುಪ್ರೀಂ ಕೋರ್ಟ್ ಆ ಮತಪತ್ರಗಳನ್ನು ತನ್ನ ಮುಂದೆಯೇ ತರಿಸಿಕೊಂಡು ನೋಡಿತು. ಎಂಟೂ ಮತ ಸಿಂಧು ಎಂದು ಹೇಳಿ, ಫೆಬ್ರವರಿ 20ರಂದು, 20 ಮತ ಪಡೆದ ಕುಲದೀಪ್ ಕುಮಾರ್ ಅವರೇ ಮೇಯರ್ ಎಂದು ಸಾರಿತು. ಎಂಟು ಮತಗಳಿಗಾಗಿ ಈ ದೇಶದ ಅತ್ಯುನ್ನತ ನ್ಯಾಯಾಲಯ ಇಪ್ಪತ್ತೊಂದು ದಿನದಲ್ಲಿ ನ್ಯಾಯ ಕೊಟ್ಟಿತು. ಅಲ್ಲಿ ಮೇಯರ್ ಅವಧಿ ಒಂದೇ ವರ್ಷ, ತಡವಾದರೆ ತೀರ್ಪಿಗೆ ಬೆಲೆಯಿರುತ್ತಿರಲಿಲ್ಲ. ಆ ತೀರ್ಪು ಬಂದ ದಿನ ನಾನು ನಿಜವಾಗಿಯೂ ಸಂತೋಷಪಟ್ಟೆ, ಮರುದಿನ ತರಗತಿಯಲ್ಲಿ ಅದನ್ನೇ ಪಾಠ ಮಾಡಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನಮ್ಮದಕ್ಕೂ ಯಾರಾದರೂ ಕ್ಯಾಮೆರಾ ಇಟ್ಟಿದ್ದರೆ ಆಗುತ್ತಿತ್ತಾ ಮಿಸ್?" ಎಂದಳು.

ಏನು ಹೇಳಲಿ? ನಮ್ಮಲ್ಲಿ ನಡೆದದ್ದು ಕ್ಯಾಮೆರಾಕ್ಕೆ ಸಿಗುವಂಥದ್ದಲ್ಲ. ಒಂದು ಅಧಿಸೂಚನೆ, ಒಂದು ಆಕ್ಷೇಪಣೆ, ಒಂದು ವಾಯಿದೆ, ಇನ್ನೊಂದು ವಾಯಿದೆ. 198 ವಾರ್ಡ್ ಕುರಿತ ವ್ಯಾಜ್ಯದ ತಡೆಯಾಜ್ಞೆಯಿಂದ ಇದು ಆರಂಭವಾಯಿತು. ಇಂದು ಆ 198 ವಾರ್ಡೂ ಇಲ್ಲ, ಆ ಪಾಲಿಕೆಯೂ ಇಲ್ಲ.

ಇದೇ ಮೊದಲ ಸಲವೂ ಅಲ್ಲ. 2006ರ ಅಕ್ಟೋಬರ್‌ನಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಐದು ವರ್ಷದ ಗಡಿ ಮೀರುವಂತಿಲ್ಲ, ವಾರ್ಡ್ ವಿಂಗಡಣೆಯನ್ನು ಮೊದಲೇ ಮುಗಿಸಿಕೊಳ್ಳಬೇಕು, ಸರ್ಕಾರ ಸಹಕರಿಸದಿದ್ದರೆ ರಾಜ್ಯ ಚುನಾವಣಾ ಆಯೋಗ ಕೋರ್ಟಿಗೆ ಹೋಗಬೇಕು ಎಂದು ಹೇಳಿತ್ತು. ಮರುತಿಂಗಳೇ ಬೆಂಗಳೂರಿನ ಕೌನ್ಸಿಲ್ ಅವಧಿ ಮುಗಿಯಿತು. 2007ರ ಜನವರಿಯಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದಿರಿ. ಚುನಾವಣೆ ಆದದ್ದು 2010ರ ಮಾರ್ಚ್ 28ಕ್ಕೆ. 2015ರಲ್ಲೂ ಏಪ್ರಿಲ್‌ನಲ್ಲಿ ಮುಗಿದ ಅವಧಿಗೆ ಕೋರ್ಟು ಸುತ್ತಿ ಆಗಸ್ಟ್‌ನಲ್ಲಿ ಮತದಾನ. ಯಾವ ಪಕ್ಷದ ಸರ್ಕಾರವಿದ್ದರೂ ಬೆಂಗಳೂರಿನ ಮತದಾರ ಕೋರ್ಟಿನ ಮೆಟ್ಟಿಲು ನೋಡುತ್ತಲೇ ಕಾಯಬೇಕು ಎಂಬಂತಾಗಿದೆ.

ಶಾಸಕರೇ, ಈ ಪತ್ರವನ್ನು ಮುಖ್ಯಮಂತ್ರಿಗಳಿಗೋ ಚುನಾವಣಾ ಆಯೋಗಕ್ಕೋ ಬರೆಯಬಹುದಿತ್ತು. ನಿಮಗೇ ಏಕೆ ಬರೆದೆನೆಂದರೆ, ಈ ಐದು ವರ್ಷ ಆ 198 ಜನರ ಕೆಲಸ ಬಂದು ಕೂತದ್ದು ನಿಮ್ಮ 28 ಜನರ ಹೆಗಲ ಮೇಲೆ. ಬೀದಿದೀಪಕ್ಕೂ ನಿಮ್ಮ ಕಚೇರಿ, ಗುಂಡಿಗೂ ನಿಮ್ಮ ಕಚೇರಿ, ಉದ್ಯಾನದ ಬೀಗದ ಕೈಗೂ ನಿಮ್ಮ ಕಚೇರಿ. ನಮ್ಮ ಬೀದಿಯ ಮೋರಿ ಕಟ್ಟಿಕೊಂಡಾಗ ಇಂಜಿನಿಯರರ ಬಳಿ ಹೋದೆ. ಅವರು, "ಶಾಸಕರ ಕಡೆಯಿಂದ ಹೇಳಿಸಿ ಮೇಡಂ" ಎಂದರು. ನಿಮ್ಮ ಕ್ಷೇತ್ರದಲ್ಲಿ ಲಕ್ಷಗಟ್ಟಲೆ ಮತದಾರರಿದ್ದಾರೆ. ಒಬ್ಬ ಶಾಸಕ, ಎಷ್ಟೇ ಒಳ್ಳೆಯವರಾಗಿರಲಿ, ಅಷ್ಟು ಮೋರಿಗಳನ್ನು ನೋಡಲಾರರು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಮಹದೇವಪುರದ ಕಡೆ ಮನೆಗಳಿಗೆ ನೀರು ನುಗ್ಗಿ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ ಹೊರತಂದಾಗ, ಯಾವ ರಾಜಕಾಲುವೆಯ ಹೂಳು ಏಕೆ ಎತ್ತಲಿಲ್ಲ ಎಂದು ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಕೇಳಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ವಾರ್ಡ್ ಕಾಮಗಾರಿಯ ಹಣ, ಗುತ್ತಿಗೆ, ಆಯವ್ಯಯ ಎಲ್ಲವೂ ಅಧಿಕಾರಿಗಳ ಮೇಜಿನಿಂದ ಮೇಜಿಗೆ ಹೋದವು.

ನಿಮಗೆ ಈ ಅಧಿಕಾರ ಇಷ್ಟವಾಗಿದೆ, ಅದಕ್ಕೇ ಸುಮ್ಮನಿದ್ದೀರಿ ಎಂದು ಜನ ಟೀ ಅಂಗಡಿಯಲ್ಲಿ ಮಾತಾಡುತ್ತಾರೆ. ಆ ಮಾತನ್ನು ನಿಮ್ಮ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ. ನಿಮ್ಮಲ್ಲಿ ಕೆಲವರು ಪಾಲಿಕೆ ಸದಸ್ಯರಾಗಿಯೇ ರಾಜಕಾರಣ ಕಲಿತವರು. ಬೆಳಗಿನ ಜಾವ ಪೌರಕಾರ್ಮಿಕರ ಹಾಜರಾತಿ ನೋಡುವುದು, ಜಗುಲಿ ಮೇಲೆ ಕೂತು ಬೀದಿ ಜಗಳ ಬಿಡಿಸುವುದು ನಿಮಗೆ ಅನುಭವದಿಂದ ಗೊತ್ತು. ನಿಮ್ಮನ್ನು ಬೆಳೆಸಿದ ಆ ಮೆಟ್ಟಿಲನ್ನು ಮುಂದಿನವರಿಗೆ ಇಲ್ಲದಂತೆ ಮಾಡಲು ನಿಮಗೆ ಮನಸ್ಸು ಬರಬಾರದು. 2015ರಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಗಂಡನ ಹೆಸರಿನಲ್ಲಿ ಬಂದವರಿದ್ದರು, ಒಪ್ಪುತ್ತೇನೆ. ಆದರೆ ಎರಡನೆಯ ವರ್ಷದ ಹೊತ್ತಿಗೆ ತಾವೇ ಕಡತ ಓದಿ ಅಧಿಕಾರಿಗಳನ್ನು ಪ್ರಶ್ನಿಸುವಷ್ಟು ಬೆಳೆದವರನ್ನೂ ಕಂಡಿದ್ದೇನೆ. ಅವರ ಹಿಂದೆ ಬರಬೇಕಾಗಿದ್ದ ಒಂದು ಇಡೀ ತಂಡವೇ ಬರಲಿಲ್ಲ.

ಈಗ ಸುತ್ತ ನೋಡಿ. ಪಕ್ಕದ ಕೇರಳದಲ್ಲಿ ಇದೇ 9 ಮತ್ತು 11ರಂದು ಸ್ಥಳೀಯ ಸಂಸ್ಥೆಗಳಿಗೆ ಮತದಾನವಾಯಿತು, ಕಳೆದ ಶನಿವಾರ ಫಲಿತಾಂಶ ಬಂತು. ಅಲ್ಲಿ 1995ರಿಂದ ಐದೈದು ವರ್ಷಕ್ಕೆ ಚುನಾವಣೆ ಬಂದೇ ಬರುತ್ತದೆ, 2020ರ ಡಿಸೆಂಬರ್‌ನ ಕೊರೊನಾದಲ್ಲೂ ಬಂತು. ಅಲ್ಲಿ ವಾರ್ಡ್ ಮರುವಿಂಗಡಣೆ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು. ನಾವು ತದ್ವಿರುದ್ಧ ದಾರಿ ಹಿಡಿದೆವು. ಪಂಚಾಯಿತಿಗಳ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು 2021ರಲ್ಲಿ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟೆವು. ಆ ವರ್ಷ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಇಂದಿಗೂ ಸದಸ್ಯರಿಲ್ಲ. ಮೈಸೂರು, ಶಿವಮೊಗ್ಗ, ಮಂಗಳೂರು ಪಾಲಿಕೆಗಳಲ್ಲೂ ಅವಧಿ ಮುಗಿದು ಅಧಿಕಾರಿಗಳ ಆಡಳಿತವಿದೆ. ಬೆಂಗಳೂರಿನ ಹಾಗೆಯೇ ವರ್ಷಗಟ್ಟಲೆ ಕೋರ್ಟಿನಲ್ಲಿ ಸಿಕ್ಕಿಕೊಂಡಿದ್ದ ಮುಂಬೈಗೂ ಮೊನ್ನೆ ಸೋಮವಾರ ದಿನಾಂಕ ಗೊತ್ತಾಯಿತು. ಜನವರಿ 15ಕ್ಕೆ ಅಲ್ಲಿ ಮತದಾನ.

ನಾನು ಕೇಳುವುದು ದೊಡ್ಡದೇನಲ್ಲ. 369 ವಾರ್ಡ್‌ಗಳ ಈ ನಕ್ಷೆ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ನಗರವನ್ನು ಐದಾಗಿ ಒಡೆದದ್ದೂ ಮನಸ್ಸಿಗೆ ಹಿಡಿಸಿಲ್ಲ. ಆದರೂ ಇದೇ ನಕ್ಷೆಗೆ, ಇರುವ ಲೋಪಗಳ ಸಮೇತ, ಚುನಾವಣೆ ನಡೆಯಲಿ. ಲೋಪವನ್ನು ಮುಂದಿನ ಕೌನ್ಸಿಲ್‌ಗಳು ಬಂದ ಮೇಲೆ ತಿದ್ದಬಹುದು. ಮೀಸಲಾತಿ ಪಟ್ಟಿಯನ್ನು ಹೊರಡಿಸುವ ಮುನ್ನ 2022ರಲ್ಲಿ ಹೈಕೋರ್ಟ್ ತೋರಿಸಿದ ತಪ್ಪುಗಳು ಮರುಕಳಿಸಿಲ್ಲವೆಂದು ನಿಮ್ಮ ಕ್ಷೇತ್ರದ ವಾರ್ಡ್‌ಗಳ ಮಟ್ಟಿಗೆ ನೀವೇ ಕೂತು ನೋಡಿ. ನಿಮಗೆ ಬೇಕಾದವರಿಗೆ ವಾರ್ಡ್ ಸಿಗಲಿಲ್ಲವೆಂದು ನಿಮ್ಮ ಕಡೆಯವರು ರಿಟ್ ಅರ್ಜಿ ಹಿಡಿದು ಹೊರಟರೆ ಅವರನ್ನು ತಡೆಯಿರಿ. ಆಡಳಿತ ಪಕ್ಷದವರಾಗಲಿ ವಿರೋಧ ಪಕ್ಷದವರಾಗಲಿ, ಚುನಾವಣೆ ಮುಗಿಯುವವರೆಗೆ ವಾರ್ಡ್ ಸಂಖ್ಯೆ ಬದಲಿಸುವ ಯಾವ ತಿದ್ದುಪಡಿಗೂ ಕೈ ಎತ್ತುವುದಿಲ್ಲ ಎಂದು ಸದನದ ಕಡತದಲ್ಲಿ ದಾಖಲಾಗುವಂತೆ ಹೇಳಿ.

ಇನ್ನೊಂದು, ಕಾನೂನಿಗೆ ಸಂಬಂಧಿಸಿದ್ದು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ವಾರ್ಡ್ ವಿಂಗಡಣೆಯೂ ಮೀಸಲಾತಿಯೂ ಅಂತಿಮವಾಗಬೇಕು, ಆಗದಿದ್ದರೆ ಹಳೆಯ ವಾರ್ಡ್‌ಗಳಿಗೇ ಚುನಾವಣಾ ಆಯೋಗ ತಾನಾಗಿ ದಿನಾಂಕ ಪ್ರಕಟಿಸಬೇಕು ಎಂಬ ಒಂದು ಕಲಮನ್ನು ಗ್ರೇಟರ್ ಬೆಂಗಳೂರು ಕಾಯ್ದೆಗೂ ರಾಜ್ಯದ ಬೇರೆ ಪಾಲಿಕೆಗಳ ಕಾಯ್ದೆಗೂ ಸೇರಿಸಿ. ವಿಂಗಡಣೆಯ ಅಧಿಕಾರವನ್ನು ಆಯೋಗಕ್ಕೇ ಕೊಡಿ. ಹಳೆಯ ವಾರ್ಡ್‌ಗಳಿಗೇ ಚುನಾವಣೆ ನಡೆಸಿ ಎಂದು ಹೈಕೋರ್ಟ್ 2020ರಲ್ಲೇ ಹೇಳಿತ್ತು. ಆ ಕಲಂ ಅಂದೇ ಇದ್ದಿದ್ದರೆ ತಡೆಯಾಜ್ಞೆ ಕೇಳಲು ಸರ್ಕಾರಕ್ಕೆ ಆಧಾರವೇ ಇರುತ್ತಿರಲಿಲ್ಲ.

ಬೆಂಗಳೂರಿಗರು ಮತ ಹಾಕಲು ಬರುವುದಿಲ್ಲ, ಚುನಾವಣೆ ಯಾರಿಗೆ ಬೇಕು ಎಂಬ ಮಾತನ್ನೂ ಕೇಳಿದ್ದೇನೆ. 2015ರಲ್ಲಿ ಮತದಾನ ಶೇ. 50 ಮುಟ್ಟಲಿಲ್ಲ, ನಿಜ. ನನ್ನ ಮತಗಟ್ಟೆಯಲ್ಲೂ ಮಧ್ಯಾಹ್ನ ಬೆಂಚುಗಳು ಖಾಲಿಯಿದ್ದವು. ಆದರೆ ಬಂದವರ ಬೆರಳುಗಳನ್ನು ನಾನು ನೋಡಿದ್ದೇನೆ. ಸಿಮೆಂಟು ಹತ್ತಿದ ಬೆರಳು, ಸೂಜಿ ಚುಚ್ಚಿದ ಬೆರಳು, ಸೊಪ್ಪಿನ ಕಲೆಯ ಬೆರಳು. ಖಾಸಗಿ ಟ್ಯಾಂಕರ್‌ಗೆ, ಖಾಸಗಿ ಕಾವಲಿಗೆ ದುಡ್ಡು ಕೊಡಬಲ್ಲವರು ಹೇಗೋ ನಡೆಸಿಕೊಳ್ಳುತ್ತಾರೆ. ಕಾರ್ಪೊರೇಟರ್ ಮನೆ ಬಾಗಿಲೊಂದನ್ನೇ ನಂಬಿಕೊಂಡವರಿಗೆ ಐದು ವರ್ಷದಿಂದ ಆ ಬಾಗಿಲು ಇಲ್ಲ.

ಪ್ರತಿ ಶಾಸಕರ ಕಚೇರಿಗೂ ಈ ಪತ್ರದ ಒಂದೊಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ. ವಾರ್ಡ್ ಸಂಖ್ಯೆ ಇನ್ನು ಬದಲಿಸುವುದಿಲ್ಲ ಎಂಬ ಒಂದೇ ಸಾಲಿನ ಉತ್ತರವನ್ನು ನಿಮ್ಮ ಸಹಿಯೊಂದಿಗೆ ಬರೆದು ಕಳಿಸಿ. ನಾನು ಪಾಠ ಮಾಡುತ್ತಿದ್ದ ಶಾಲೆಯ ಎಂಟನೆಯ ತರಗತಿಯಲ್ಲಿ ಬರುವ ತಿಂಗಳು ಸ್ಥಳೀಯ ಸರ್ಕಾರದ ಪಾಠ ಇದೆ. ಬಂದ ಉತ್ತರಗಳನ್ನು ಆ ಮಕ್ಕಳಿಗೆ ಓದಿ ಹೇಳಲು ಈಗಿನ ಶಿಕ್ಷಕಿಯ ಬಳಿ ಅನುಮತಿ ಕೇಳಿದ್ದೇನೆ. ಅವರು ಒಪ್ಪಿದ್ದಾರೆ.

ಇಂತಿ,
ನಿಮ್ಮ ಮತದಾರಳು,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ